ದಶಕ ಮರೆತ ಮೀಟರು

ಸೆಪ್ಟೆಂಬರಿನ ಮೊದಲ ಭಾನುವಾರ ಬೆಳಿಗ್ಗೆ ನನ್ನ ಅಕ್ಕನ ಮಗ ತನ್ನ ಹಳೇ ಪಿಕಪ್ ಗಾಡಿಯನ್ನು ನಮ್ಮ ಸೊಸೈಟಿಯ ಗೇಟಿನ ಹೊರಗೆ ನಿಲ್ಲಿಸಿ ಮೇಲೆ ಬಂದ. ಚಹಾ ಬರುವ ಮುಂಚೆಯೇ ಒಂದು ಡೈರಿ, ಒಂದು ರಟ್ಟಿನ ನೋಟ್‌ಬುಕ್ ಮೇಜಿನ ಮೇಲೆ ಇಟ್ಟು, "ಮಾಮಾ, ನಾ ಕಳ್ಳ ಅದೀನೇನ್ರಿ?" ಅಂದ.

ಅವನ ಊರು ಇಂಡಿ ತಾಲ್ಲೂಕು. ಪುಣೆಗೆ ಬಂದು ಆರು ವರ್ಷ. ಮೊದಲು ಬೇರೆಯವರ ಗಾಡಿ ಓಡಿಸುತ್ತಿದ್ದ, ಎರಡು ವರ್ಷದ ಹಿಂದೆ ಕೂಡಿಟ್ಟ ದುಡ್ಡು, ಅಕ್ಕನ ಬಂಗಾರ ಎರಡನ್ನೂ ಹಾಕಿ ಈ ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡ. ನಸುಕಿನಲ್ಲಿ ಗುಲ್ಟೇಕಡಿ ಮಾರ್ಕೆಟ್ ಯಾರ್ಡಿನಿಂದ ತರಕಾರಿ ತುಂಬಿಕೊಂಡು ಶಿವಾಜಿನಗರದ ಎರಡು ಕ್ಯಾಂಟೀನಿಗೆ ಇಳಿಸಿ, ಅಲ್ಲಿಂದ ಪಿಂಪ್ರಿ, ಚಾಕಣ ಕಡೆಯ ಕಾರ್ಖಾನೆಗಳ ಅಡುಗೆಮನೆಗೆ ಹೋಗಿ ಬರುವುದು ಅವನ ದಿನಚರಿ. ಅಡುಗೆ ಗುತ್ತಿಗೆದಾರರು ಅವನಿಗೆ ಕಿಲೋಮೀಟರಿಗೆ 15 ರೂಪಾಯಿಯಂತೆ ಬಾಡಿಗೆ ಕೊಡುತ್ತಾರೆ. ಬೆಳಿಗ್ಗೆಯ ರೀಡಿಂಗ್, ಸಂಜೆಯ ರೀಡಿಂಗ್, ಕಳೆದು ಉಳಿದದ್ದೇ ಅವನ ದಿನದ ದುಡಿಮೆ.

ಜೂನ್‌ವರೆಗೆ ಅವನು ಬರೆದುಕೊಟ್ಟದ್ದೇ ಲೆಕ್ಕ. ಜುಲೈ 1ರಿಂದ ಸೂಪರ್‌ವೈಸರ್ ದಿನಕ್ಕೆರಡು ಸಲ ಮೀಟರಿನ ಫೋಟೋ ತೆಗೆಯತೊಡಗಿದ. ಅದೇ ತಿಂಗಳಿಂದ ಕಿಲೋಮೀಟರು ಕಡಿಮೆಯಾದವು. ಏಪ್ರಿಲ್, ಮೇ, ಜೂನ್ ತಿಂಗಳಿಗೆ ಸುಮಾರು 2,350 ಬರುತ್ತಿದ್ದದ್ದು ಜುಲೈಯಲ್ಲಿ 2,070, ಆಗಸ್ಟಿನಲ್ಲಿ 1,950. ದಾರಿ ಅದೇ, ಕ್ಯಾಂಟೀನು ಅವೇ. ಫೋಟೋ ಶುರುವಾದ ಕೂಡಲೇ ಲೆಕ್ಕ ಇಳಿದರೆ ಯಾರಾದರೂ ಏನು ತಿಳಿಯುತ್ತಾರೆ? "ಮೊದಲಿನ ಮೂರು ತಿಂಗಳು ಹೆಚ್ಚಿಗೆ ಬರದಿ, ಅದನ್ನ ವಸೂಲ್ ಮಾಡ್ತೀವಿ ಅಂತಾರ್ರಿ" ಅಂದ. ಅವನಿಗೂ ತಲೆ ಕೆಟ್ಟಿತ್ತು, ಏಕೆಂದರೆ ಡೈರಿಯ ಅಂಕಿ ಅವನದೇ ಕೈಬರಹ.

ನಾನು ಪಿಂಪ್ರಿಯ ಒಂದು ಕಾರ್ಖಾನೆಯ ಅಳತೆ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮನೆ ಇರುವುದು ಸಿಮ್ಲಾ ಆಫೀಸ್ ಚೌಕದ ಹತ್ತಿರ. ಹವಾಮಾನ ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂದದ್ದಕ್ಕೆ ಆ ಕಟ್ಟಡಕ್ಕೆ ಅದೇ ಹೆಸರು ಅಂಟಿಕೊಂಡಿದೆ. ಅಂಥ ಅಳತೆಯ ನೆರೆಯಲ್ಲಿದ್ದೂ, ಅಂಥ ನೌಕರಿ ಮಾಡಿಯೂ, ನಾನು ಅವತ್ತು ಮಾಡಿದ ಮೊದಲ ಕೆಲಸ ತಪ್ಪು. ನೋಟ್‌ಬುಕ್ ತೆರೆಯದೆ ಪಾನಾ ಹಿಡಿದು ಗಾಡಿಯ ಕೆಳಗೆ ನುಸುಳಿದೆ.

ಹಳೇ ಗಾಡಿಯ ಮೀಟರು ಕೆಟ್ಟರೆ ಎಲ್ಲರೂ ಮೊದಲು ಹೇಳುವುದು "ಕೇಬಲ್ ಹೋಗಿರಬೇಕು" ಎಂದು. ನಾನೂ ಹಾಗೇ ಅಂದುಕೊಂಡೆ. ಈ ಕಾಲದ ಗಾಡಿಗಳಲ್ಲಿ ಸೆನ್ಸರು, ವೈರು, ಚಿಪ್ಪು. ಅವನ ಗಾಡಿ ಅದಕ್ಕಿಂತ ಹಿಂದಿನದು. ಗೇರ್ ಬಾಕ್ಸಿನ ಹಿಂಭಾಗದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಗೇರು, ಅದಕ್ಕೆ ಸಿಕ್ಕಿಸಿದ ತಿರುಗುವ ತಂತಿ, ಆ ತಂತಿ ಕಪ್ಪು ಕೊಳವೆಯೊಳಗೆ ಹಾದು ಸ್ಟೀರಿಂಗಿನ ಮುಂದಿರುವ ಮೀಟರಿನ ಬೆನ್ನಿಗೆ ಹೋಗುತ್ತದೆ. ಗಾಲಿ ತಿರುಗಿದಷ್ಟೂ ತಂತಿ ತಿರುಗುತ್ತದೆ. ಇಂಥ ಮೀಟರುಗಳಲ್ಲಿ ಕಿಲೋಮೀಟರಿಗೆ ಆರುನೂರು ಚಿಲ್ಲರೆ ಸುತ್ತು ಸಾಮಾನ್ಯ ಲೆಕ್ಕ.

ಕೇಬಲ್ ಬಿಚ್ಚಿ, ಒಳತಂತಿ ಎಳೆದು, ಎರಡೂ ತುದಿಯ ಚೌಕವನ್ನು ಉಜ್ಜಿ ನೋಡಿ, ಗ್ರೀಸ್ ಸವರಿ ಮತ್ತೆ ಹಾಕುವಷ್ಟರಲ್ಲಿ ಒಂದೂವರೆ ಗಂಟೆ ಹೋಯಿತು. ಅಷ್ಟೊತ್ತಿಗೆ ಮಳೆ ಬೇರೆ. ಕೇಬಲ್ ಚೆನ್ನಾಗಿಯೇ ಇತ್ತು. ಎದ್ದು ನಿಂತು ಕೈ ಒರೆಸಿಕೊಳ್ಳುತ್ತ ಕೇಳಬೇಕಾದ ಮೊದಲ ಪ್ರಶ್ನೆಯನ್ನು ಕೊನೆಗೆ ಕೇಳಿದೆ: "ಸ್ಪೀಡಿನ ಮುಳ್ಳು ಸರಿ ತೋರಸ್ತದೇನು?"

"ಅದು ಸರಿ ಐತ್ರಿ. ಮುಳ್ಳು ಎಂದೂ ಕೆಟ್ಟಿಲ್ಲ."

"ಟ್ರಿಪ್ ಮೀಟರ್?"

"ಅದೂ ಓಡ್ತೈತ್ರಿ."

ಅಲ್ಲಿಗೆ ನನ್ನ ಒಂದೂವರೆ ಗಂಟೆ ನೀರಿನಲ್ಲಿ ಹೋದಂತಾಯಿತು. ಏಕೆ ಎಂದು ಹೇಳುತ್ತೇನೆ, ಏಕೆಂದರೆ ಈ ಪತ್ರಿಕೆಯ ಓದುಗರಲ್ಲಿ ಹಳೇ ಗಾಡಿ ಇಟ್ಟುಕೊಂಡವರು ಇದ್ದೇ ಇರುತ್ತಾರೆ, ಊರಿನ ತಮ್ಮನ ಟ್ರ್ಯಾಕ್ಸೋ ಜೀಪೋ ಆದರೂ.

ಬರುವ ಕೇಬಲ್ ಒಂದೇ, ಆದರೆ ಮೀಟರಿನೊಳಗೆ ಅದರ ಕೆಲಸ ಎರಡು. ತಂತಿಯ ತುದಿ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದರ ಮೇಲೆ ಬೋರಲು ಹಾಕಿದ ಅಲ್ಯೂಮಿನಿಯಂ ಬಟ್ಟಲೊಂದಿದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ, ಆದರೆ ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಅದನ್ನೂ ಜೊತೆಗೆ ಎಳೆಯುತ್ತದೆ. ಕೂದಲಿನಂಥ ಸ್ಪ್ರಿಂಗು ಹಿಂದಕ್ಕೆ ಜಗ್ಗುತ್ತದೆ. ಎರಡರ ಜಗ್ಗಾಟ ಎಲ್ಲಿ ನಿಲ್ಲುತ್ತದೋ ಅಲ್ಲಿ ಮುಳ್ಳು. ಜರ್ಮನಿಯ ಒಟ್ಟೋ ಷುಲ್ಜೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯ ಇದು. ಎರಡನೆಯ ಕೆಲಸ, ಅದೇ ದಂಡದ ಮೇಲಿನ ತಿರುಪು ಹಲ್ಲುಗಳಿಂದ ನಿಧಾನಗೊಳಿಸಿ ಅಂಕಿಯ ಚಕ್ರಗಳನ್ನು ಸರಿಸುವುದು.

ಹಾಗಾಗಿ ಮುಳ್ಳೂ ಸತ್ತು ಅಂಕಿಯೂ ನಿಂತರೆ ಕೇಬಲ್ ಅಥವಾ ಗೇರ್ ಬಾಕ್ಸಿನ ಗೇರು. ಮುಳ್ಳು ಕುಣಿದಾಡಿದರೆ ಕೇಬಲ್ ಒಣಗಿದೆ ಅಥವಾ ಎಲ್ಲೋ ಮಡಚಿದೆ. ಮುಳ್ಳು ನೆಟ್ಟಗಿದ್ದು ಅಂಕಿ ಮಾತ್ರ ತಪ್ಪಿದರೆ ರೋಗ ಮೀಟರಿನ ಹೊಟ್ಟೆಯಲ್ಲೇ ಇದೆ, ಗಾಡಿಯ ಕೆಳಗೆ ಮಲಗುವ ಅಗತ್ಯವಿಲ್ಲ. ಮುಳ್ಳು, ಟ್ರಿಪ್, ಒಟ್ಟು ಅಂಕಿ ಮೂರೂ ಒಂದೇ ಪ್ರಮಾಣದಲ್ಲಿ ಕಡಿಮೆ ತೋರಿಸಿದರೆ ಯಾರೋ ದೊಡ್ಡ ಟೈರು ಹಾಕಿದ್ದಾರೆ ಅಥವಾ ಹಲ್ಲಿನ ಲೆಕ್ಕ ತಪ್ಪಿದ ಗೇರು ಕೂರಿಸಿದ್ದಾರೆ.

ಮೇಲೆ ಬಂದು ಆಗ ರಟ್ಟಿನ ನೋಟ್‌ಬುಕ್ ತೆರೆದೆ. ಅದು ಡೀಸೆಲ್ ಲೆಕ್ಕ. ಟ್ಯಾಂಕ್ ತುಂಬಿಸಿದಾಗಲೆಲ್ಲ ಟ್ರಿಪ್ ಮೀಟರಿನ ಅಂಕಿ ಬರೆದು ಸೊನ್ನೆ ಮಾಡುವ ರೂಢಿಯನ್ನು ಅವನಿಗೆ ಹಿಂದಿನ ಮಾಲೀಕನೊಬ್ಬ ಕಲಿಸಿದ್ದ. ಪುಣ್ಯಾತ್ಮ. ಡೈರಿಯಲ್ಲಿ ಅದೇ ದಿನದ ಒಟ್ಟು ರೀಡಿಂಗ್ ಇತ್ತು. ಎರಡನ್ನೂ ಪಕ್ಕಪಕ್ಕ ಬರೆದೆ. ಟ್ರಿಪ್ 286, ಡೈರಿಯಲ್ಲಿ 256. ಟ್ರಿಪ್ 341, ಡೈರಿ 300. ಟ್ರಿಪ್ 305, ಡೈರಿ 265. ಟ್ರಿಪ್ 412, ಡೈರಿ 342.

ಕಳೆಯಿರಿ: 30, 41, 40, 70. ಕೆಳಗಿನ ಸಾಲುಗಳೂ ಹೀಗೇ. ಒಂದು ಕಿಲೋಮೀಟರು ಆಚೀಚೆ, ಉಳಿದದ್ದೆಲ್ಲ ಹತ್ತರ ಗುಣಕ.

ಮಂಡಲದ ಶಾಲೆಯಲ್ಲಿ ಕೂಡುವ ಲೆಕ್ಕ ಕಲಿಸುವಾಗ ಮಾಸ್ತರು "ಎಂಟು ಏಳು ಹದಿನೈದು, ಐದು ಬರೀ, ದಶಕ ಒಂದು" ಎನ್ನುತ್ತಿದ್ದರು. ಆ ದಶಕವನ್ನು ಪಕ್ಕದ ಸಾಲಿಗೆ ಒಯ್ಯುವುದು ಮರೆತವನ ಉತ್ತರ ಸರಿಯಾಗಿ ಹತ್ತು ಕಡಿಮೆ ಬರುತ್ತಿತ್ತು, ಕೈಮೇಲೆ ಛಡಿ ಏಟು ಬೀಳುತ್ತಿತ್ತು. ಈ ಮೀಟರಿನದೂ ಅದೇ ರೋಗ. ಬಿಡಿಯ ಚಕ್ರ 9ರಿಂದ 0ಗೆ ಹೋಗುವಾಗ ಹತ್ತರ ಚಕ್ರವನ್ನು ಒಂದು ಮನೆ ತಳ್ಳಬೇಕು. ಆಗಾಗ ತಳ್ಳುತ್ತಿಲ್ಲ. 47, 48, 49 ಆದ ಮೇಲೆ 50 ಬರುವ ಬದಲು ಮತ್ತೆ 40. ದಿನಕ್ಕೆ ತೊಂಬತ್ತು ಕಿಲೋಮೀಟರು ಓಡುವ ಗಾಡಿಗೆ ಅಂಥ ಒಂಬತ್ತು ಗಳಿಗೆ ಬರುತ್ತವೆ. ಅವುಗಳಲ್ಲಿ ಒಂದೆರಡು ಜಾರಿದರೆ ಕೂತವನಿಗೆ ಕಾಣುವುದೂ ಇಲ್ಲ.

ಎರಡು ತಿಂಗಳ ಟ್ರಿಪ್ ಕೂಡಿಸಿದೆ. ಜುಲೈಯಲ್ಲಿ 2,380, ಆಗಸ್ಟಿನಲ್ಲಿ 2,340. ಅಂದರೆ 310 ಮತ್ತು 390 ಕಿಲೋಮೀಟರು ನುಂಗಿ ಹೋಗಿದೆ. ಒಟ್ಟು 700. ಹುಡುಗ ಬೆರಳು ಮಡಚಿ, "ಹತ್ತು ಸಾವಿರದ ಐನೂರು" ಅಂದ.

ಇನ್ನೊಂದು ವಿಚಾರವೂ ಆಗಲೇ ಬಿಚ್ಚಿಕೊಂಡಿತು. ಗಾಡಿ ಲೀಟರಿಗೆ ಹನ್ನೆರಡು ಕೊಡುತ್ತಿದ್ದದ್ದು ಹತ್ತೂವರೆಗೆ ಇಳಿದಿದೆ ಎಂದು ಒಂದು ಗ್ಯಾರೇಜಿನಲ್ಲಿ ಡೀಸೆಲ್ ಪಂಪು ಬಿಚ್ಚಿಸಿ ಕ್ಯಾಲಿಬ್ರೇಶನ್ ಮಾಡಿಸಲು ಅವನು ದುಡ್ಡು ಹೊಂದಿಸುತ್ತಿದ್ದ. ಮೈಲೇಜನ್ನು ಲೆಕ್ಕ ಹಾಕಿದ್ದು ಡೈರಿಯ ಅಂಕಿಯಿಂದ. ಪಂಪು ಸರಿಯಾಗಿಯೇ ಇತ್ತು, ಭಾಗಿಸಿದ ಸಂಖ್ಯೆ ಸುಳ್ಳಾಗಿತ್ತು. ಅದೇ ಗ್ಯಾರೇಜಿನವರು ಮೀಟರಿಗೆ ಹೇಳಿದ ಮದ್ದು ಪೂರ್ತಿ ಬೋರ್ಡು ಬದಲಿಸುವುದು. ಮೇಲೆ ಒಂದು ಮಾತು ಸೇರಿಸಿದ್ದರಂತೆ: "ಎಷ್ಟು ಕಿಲೋಮೀಟರ್ ಇರಬೇಕಂತ ಹೇಳು, ಅಷ್ಟು ಇಟ್ಟು ಕೊಡ್ತೀವಿ."

ಮಧ್ಯಾಹ್ನ ಊಟ ಆದ ಮೇಲೆ ಮೀಟರ್ ಬಿಚ್ಚಿದೆವು. ಬ್ಯಾಟರಿಯ ನೆಗೆಟಿವ್ ತೆಗೆದು, ಹಿಂದಿನಿಂದ ಕೇಬಲಿನ ನಟ್ ಸಡಿಲಿಸಿ, ದೀಪದ ಹೋಲ್ಡರುಗಳನ್ನು ಒಂದೊಂದಾಗಿ ಎಳೆದು, ಯಾವುದು ಎಲ್ಲಿಯದು ಎಂದು ಪ್ರತಿಯೊಂದಕ್ಕೂ ಚೀಟಿ ಕಟ್ಟಿ. ಚೀಟಿ ಕಟ್ಟದೆ ಬಿಚ್ಚಿದವರು ಮರುದಿನ ಇಂಡಿಕೇಟರ್ ಹಾಕಿದರೆ ಹೈ ಬೀಮ್ ದೀಪ ಮಿನುಗುವುದನ್ನು ನೋಡಬೇಕಾಗುತ್ತದೆ.

ಬಿಚ್ಚಿ ಗಾಜು ತೆಗೆಯುವ ಮುಂಚೆ ಪರೀಕ್ಷೆ ಮಾಡಿದೆ. ಕೇಬಲ್ ಕೂರುವ ತೂತಿಗೆ ಸರಿಹೊಂದುವ ಚೌಕದ ತುಂಡನ್ನು ಡ್ರಿಲ್ ಮಷೀನಿಗೆ ಹಾಕಿ ಮೀಟರನ್ನು ಮೇಜಿನ ಮೇಲೆಯೇ ಓಡಿಸುವುದು. ಮೊದಲು ಬೆರಳಿನಿಂದ ತಿರುಗಿಸಿ ಯಾವ ಕಡೆ ಮುಳ್ಳು ಏರುತ್ತದೆ ಎಂದು ನೋಡಿಕೊಳ್ಳಬೇಕು, ಉಲ್ಟಾ ತಿರುಗಿಸಿದರೆ ಇದ್ದ ಹಲ್ಲೂ ಹೋದೀತು. ಡ್ರಿಲ್ಲು ನಿಮಿಷಕ್ಕೆ ಸಾವಿರದ ಇನ್ನೂರು ಸುತ್ತು ಹಾಕಿದರೆ ನಿಮಿಷಕ್ಕೆ ಸುಮಾರು ಎರಡು ಕಿಲೋಮೀಟರು. ಆ ಪಿಕಪ್ ಜನ್ಮದಲ್ಲಿ ಕಂಡಿರದ ವೇಗದಲ್ಲಿ ನಮ್ಮ ಊಟದ ಮೇಜಿನ ಮೇಲೆ ಓಡಿತು. ಹತ್ತು ಕಿಲೋಮೀಟರಿಗೆ ಐದು ನಿಮಿಷ, ಡ್ರಿಲ್ಲು ಬಿಸಿಯಾದಾಗ ವಿರಾಮ. ಇಬ್ಬರೂ ಕಣ್ಣು ಮಿಟುಕಿಸದೆ ಕೂತೆವು. ನನ್ನ ಹೆಂಡತಿ ಒಳಗಿನಿಂದ, "ಏನ್ ಮಾವ ಅಳಿಯ ಟೀವಿ ನೋಡಿಧಂಗ ಕುಂತೀರಿ" ಅಂದಳು.

ಮೊದಲ ಮೂರು ಸಲ 9 ದಾಟಿದಾಗ ಹತ್ತರ ಚಕ್ರ ಸರಿಯಾಗಿ ಸರಿಯಿತು. ನನಗೆ ಅನುಮಾನ ಬಂತು. ಮೇಜು ಅಲುಗುವುದಿಲ್ಲ, ಗಾಡಿ ಕುಲುಕುತ್ತದೆ. ನಾಲ್ಕನೇ ಸಲ ಸ್ಕ್ರೂ ಡ್ರೈವರಿನ ಹಿಡಿಯಿಂದ ಮೀಟರಿನ ಪಕ್ಕಕ್ಕೆ ಮೆಲ್ಲಗೆ ತಟ್ಟುತ್ತಾ ಹೋದೆ. 9 ಹೋಯಿತು, 0 ಬಂತು, ಹತ್ತರ ಚಕ್ರ ಅರ್ಧ ಮನೆ ಎದ್ದು ಮತ್ತೆ ಹಳೇ ಜಾಗಕ್ಕೆ ಬಿತ್ತು. ಹುಡುಗ ಕುರ್ಚಿಯಿಂದ ಎದ್ದೇ ಬಿಟ್ಟ. "ಕಂಡೆ ಮಾಮಾ, ಕಂಡೆ!"

ಗಾಜು ತೆಗೆದಾಗ ಕಾರಣ ಕಾಣಿಸಿತು. ಒಂದೊಂದು ಅಂಕಿ ಚಕ್ರದ ನಡುವೆ ಕಡಲೆಕಾಳಿನಷ್ಟು ದೊಡ್ಡ ಪ್ಲಾಸ್ಟಿಕ್ ಪಿನಿಯನ್ ಇರುತ್ತದೆ. ದಶಕ ಒಯ್ಯುವ ಆಳು ಅದೇ. ಬಿಡಿ ಮತ್ತು ಹತ್ತರ ನಡುವಿನ ಪಿನಿಯನ್ನಿನ ಒಂದು ಹಲ್ಲಿನ ತುದಿ ಇರಲಿಲ್ಲ, ಇನ್ನೊಂದು ಸವೆದಿತ್ತು. ಪಿನಿಯನ್‌ಗಳನ್ನು ಸಾಲಾಗಿ ಹಿಡಿದಿಡುವ ತಗಡು ಅದೇ ಜಾಗದಲ್ಲಿ ಸ್ವಲ್ಪ ಬಾಗಿತ್ತು.

ಬಾಗಿದ್ದೇಕೆ ಎನ್ನುವುದಕ್ಕೂ ಗುರುತಿತ್ತು. ಅಂಕಿಗಳ ಅಂಚಿನಲ್ಲಿ ಸ್ಕ್ರೂ ಡ್ರೈವರಿನಿಂದ ಮೀಟಿದ ಗೀರುಗಳು, ಹಿಂದಿನ ಸ್ಕ್ರೂಗಳ ತಲೆ ತಿಂದುಹೋಗಿದೆ, ಲಕ್ಷದ ಅಂಕಿ ಉಳಿದವುಗಳ ಸಾಲಿಗಿಂತ ಕೂದಲೆಳೆಯಷ್ಟು ಮೇಲೆ. ಯಾರೋ, ಯಾವಾಗಲೋ, ಗಾಡಿ ಮಾರುವ ಮುಂಚೆ ಈ ಮೀಟರನ್ನು ಹಿಂದಕ್ಕೆ ತಿರುಗಿಸಿದ್ದಾರೆ. ಅವನು ಕೊಳ್ಳುವಾಗ ಎಪ್ಪತ್ತು ಸಾವಿರ ಚಿಲ್ಲರೆ ಇತ್ತಂತೆ. ನಾನು ಆಗಲೇ ಕ್ಲಚ್ ಪೆಡಲ್ಲಿನ ರಬ್ಬರು ನೋಡಿದ್ದರೆ ಹೇಳುತ್ತಿದ್ದೆ. ರಬ್ಬರು ಸವೆದು ಕಬ್ಬಿಣ ಹೊಳೆಯುವ ಗಾಡಿ ಎಪ್ಪತ್ತು ಸಾವಿರದ್ದಲ್ಲ. ಹಾಗೆ ಮೀಟಿದಾಗ ಬಿರುಕು ಬಿಟ್ಟ ಹಲ್ಲು ಎರಡು ವರ್ಷ ತಡೆದು, ಜುಲೈ ಮಳೆಯ ಗುಂಡಿಗಳಲ್ಲಿ ಉದುರಿತು ಎನ್ನುವುದು ನನ್ನ ಊಹೆ. ಫೋಟೋ ತೆಗೆಯತೊಡಗಿದ ತಿಂಗಳೇ ಉದುರಿದ್ದು ಅವನ ಗ್ರಹಚಾರ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಬಾಡಿಗೆಯ ದುಡ್ಡಿಗಿಂತ ಅವನಿಗೆ ಅದು ಹೆಚ್ಚು ಚುಚ್ಚಿತು. ಅಕ್ಕನ ಬಂಗಾರ ಹೋದದ್ದು ಆ ಎಪ್ಪತ್ತು ಸಾವಿರದ ಅಂಕಿ ನೋಡಿ.

ಬುಧವಾರ ಜುನಾ ಬಾಜಾರಿಗೆ ಹೋದೆವು. ಪುಣೆಯಲ್ಲಿ ಇದ್ದವರಿಗೆ ಹೇಳಬೇಕಿಲ್ಲ. ನಮ್ಮಿಂದ ಹೊಳೆ ದಾಟಿದರೆ ಮಂಗಳವಾರ ಪೇಟೆ, ಅಲ್ಲಿ ಬುಧವಾರ ಮತ್ತು ಭಾನುವಾರ ಹಳೇ ಸಾಮಾನಿನ ಸಂತೆ. ಹೊಸ ಬಿಡಿಭಾಗ ಬೇಕಾದವರು ನಾನಾ ಪೇಟೆಗೆ ಹೋಗುತ್ತಾರೆ, ಆದರೆ ಕಡಲೆಕಾಳಿನಷ್ಟು ಪಿನಿಯನ್ನನ್ನು ಯಾರೂ ಬಿಡಿಯಾಗಿ ಮಾರುವುದಿಲ್ಲ. ನಲ್ಲಿ, ಕ್ಯಾಮೆರಾ, ಮೋಟಾರು, ಹಿತ್ತಾಳೆ ಗಂಟೆಗಳ ನಡುವೆ ತಾಡಪಾಲಿನ ಮೇಲೆ ನಾಲ್ಕು ಸತ್ತ ಮೀಟರುಗಳು ಬಿದ್ದಿದ್ದವು. ಒಂದು ನಮ್ಮದೇ ಜಾತಿಯದು, ಮುಳ್ಳು ಮುರಿದಿತ್ತು. "ಚಾಲೂ ಆಹೆ ಸಾಹೇಬ" ಎಂದ ಮಾರುವವನು. ಮುಳ್ಳೇ ಇಲ್ಲದ್ದು ಹೇಗೆ ಚಾಲೂ ಎಂದು ಕೇಳಲಿಲ್ಲ. ನಾನೂರು ಹೇಳಿದ್ದನ್ನು ಇನ್ನೂರೈವತ್ತಕ್ಕೆ ಇಳಿಸಿ ತಂದೆವು. ಅದರೊಳಗಿನ ಪಿನಿಯನ್‌ಗಳು ಹೊಸದರಂತೆ ಇದ್ದವು.

ಮರಳಿ ಜೋಡಿಸುವಾಗ ಒಂದು ಸಮಸ್ಯೆ ಎದುರಾಯಿತು. ಚಕ್ರಗಳನ್ನು ದಂಡದಿಂದ ಎಳೆದ ಮೇಲೆ ಯಾವುದಾದರೂ ಒಂದು ಅಂಕಿಗೆ ಕೂರಿಸಲೇಬೇಕು. ಆ ಗಳಿಗೆಯಲ್ಲಿ ಮೀಟರು ನಮ್ಮ ಕೈಯಲ್ಲಿ ಮೇಣ. "ಏಳ್ನೂರು ಕೂಡಿಸಿ ಇಡೋಣ್ರಿ ಮಾಮಾ. ಓಡಿದ್ದು ಖರೇನ ಐತೆಲ್ಲ" ಅಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ನಾನು ಒಪ್ಪಲಿಲ್ಲ. ನಾಳೆ ಯಾರಾದರೂ ಸೂಪರ್‌ವೈಸರನ ಕೊನೆಯ ಫೋಟೋ ಪಕ್ಕ ಇದನ್ನು ಹಿಡಿದರೆ ರಾತ್ರೋರಾತ್ರಿ ಏಳುನೂರು ಜಿಗಿದಿರುತ್ತದೆ, ಆಗ ಇವನೇ ತಿರುಗಿಸಿದ ಎನ್ನುತ್ತಾರೆ. ಅದಲ್ಲದೆ ಆ ಗಾಡಿಯ ನಿಜವಾದ ಒಟ್ಟು ಎಷ್ಟೆಂದು ದೇವರಿಗೂ ಗೊತ್ತಿಲ್ಲ. ಬಿಚ್ಚಿದಾಗ ಇದ್ದ 1,21,864ಕ್ಕೇ ಕೂರಿಸಿ, ದಿನಾಂಕ, ರೀಡಿಂಗ್, ಯಾವ ಭಾಗ ಬದಲಿಸಿದ್ದು ಎಂದು ಕಾಗದದ ಟೇಪಿನ ಮೇಲೆ ಬರೆದು ಮೀಟರಿನ ಬೆನ್ನಿಗೆ ಅಂಟಿಸಿದೆ. ಹಳೇ ಪಿನಿಯನ್ ಒಂದು ಗುಳಿಗೆ ಡಬ್ಬಿಗೆ ಹೋಯಿತು.

ಶುಕ್ರವಾರ ನಸುಕಿನಲ್ಲಿ ಸೋಲಾಪುರ ರಸ್ತೆ. ನಮ್ಮ ಮಂದಿಗೆಲ್ಲ ಊರಿನ ರಸ್ತೆ ಅದೇ. ಹಡಪಸರ ದಾಟಿ ಉರುಳಿ ಕಾಂಚನ್ ಕಳೆದ ಮೇಲೆ ಕಿಲೋಮೀಟರ್ ಕಲ್ಲು ಹುಡುಕಿದೆವು. ಹೆದ್ದಾರಿಯಲ್ಲಿ ಹಳದಿ ತಲೆಯ ಕಲ್ಲಿನ ನಡುವೆ ಇನ್ನೂರು ಮೀಟರಿಗೊಂದರಂತೆ 2, 4, 6, 8 ಎಂದು ಬರೆದ ಗಿಡ್ಡ ಕಲ್ಲುಗಳೂ ಇರುತ್ತವೆ, ಬಸ್ಸಿನಲ್ಲಿ ಹೋಗುವಾಗ ಯಾರೂ ನೋಡುವುದಿಲ್ಲ. ಒಂದು ಕಲ್ಲಿನ ಬಳಿ ನಿಂತು ಟ್ರಿಪ್ ಸೊನ್ನೆ ಮಾಡಿ ಹೊರಟೆವು, ಪಕ್ಕದಲ್ಲಿ ಫೋನಿನ ನಕ್ಷೆಯನ್ನೂ ಓಡಿಸುತ್ತ. ಇಪ್ಪತ್ತನೇ ಕಲ್ಲಿಗೆ ಟ್ರಿಪ್ 20.3. ಚೌಫುಲಾದಿಂದ ತಿರುಗಿ ಮನೆಗೆ ಬರುವಷ್ಟರಲ್ಲಿ ನೂರಕ್ಕೂ ಮೇಲೆ ಓಡಿತ್ತು. ಒಂದು ದಶಕವೂ ಜಾರಲಿಲ್ಲ.

ಆದರೆ ಆ 0.3 ಉಳಿಯಿತು. ಟೈರು ಸವೆದರೆ ಗಾಲಿ ಸಣ್ಣದಾಗುತ್ತದೆ, ಅದೇ ದಾರಿಗೆ ಹೆಚ್ಚು ಸುತ್ತು ಹಾಕುತ್ತದೆ, ಮೀಟರು ಹೆಚ್ಚು ತೋರಿಸುತ್ತದೆ. ನೂರಕ್ಕೆ ಒಂದೂವರೆ. ನಾನು ಬರೆದುಕೊಟ್ಟ ಲೆಕ್ಕದ ಹಾಳೆಯಲ್ಲಿ ಅದನ್ನೂ ಕೊನೆಯ ಸಾಲಾಗಿ ಹಾಕಿದೆ.

"ಅದನ್ನೂ ಹೇಳಬೇಕೇನ್ರಿ?" ಅಂದ.

"ಹೇಳಬೇಕು."

"ಅವರೇನ್ ಕೇಳಿಲ್ಲಲ್ರಿ."

ನಾನು ಉತ್ತರ ಕೊಡಲಿಲ್ಲ, ಸಾಲನ್ನೂ ಹೊಡೆಯಲಿಲ್ಲ.

ಗುತ್ತಿಗೆದಾರರ ಕಚೇರಿಯಲ್ಲಿ ಲೆಕ್ಕ ನೋಡುವವರು ಒಬ್ಬ ಮರಾಠಿ ಬಾಯಿ, ನನ್ನ ವಯಸ್ಸಿಗಿಂತ ಸ್ವಲ್ಪ ಕಡಿಮೆ. ಪಿನಿಯನ್ ಡಬ್ಬಿ ತೋರಿಸಿದೆ, ಅವರು ಮುಟ್ಟಲೂ ಇಲ್ಲ. ಹತ್ತರ ಮಾತು ಹೇಳಿದಾಗ ಮಾತ್ರ ಕನ್ನಡಕ ಏರಿಸಿದರು. ತಮ್ಮದೇ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪೆನ್ಸಿಲ್ಲಿನಿಂದ ದಿನಕ್ಕೊಂದು ಅಂಕಿ ಬರೆಯುತ್ತಾ ಹೋದರು. 92, 82, 91, 72, 82, 92, 81. ಒಂದೇ ದಾರಿಯಲ್ಲಿ ಒಂದೇ ಗಾಡಿ. ಒಂದು ದಿನವೂ 87 ಇಲ್ಲ, 76 ಇಲ್ಲ. ಕದಿಯುವವನು ಹೀಗೆ ಹತ್ತತ್ತೇ ಕದಿಯುವುದಿಲ್ಲ, ಅದೂ ತನ್ನದೇ ಜೇಬಿನಿಂದ ಎಂದು ಅವರೇ ಅಂದರು. ಏಪ್ರಿಲ್‌ನಿಂದ ವಸೂಲಿ ಮಾಡುವ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಕೊನೆಯ ಸಾಲು ಓದಿದರು. ಒಂದೂವರೆ ಶೇಕಡಾ. ಕ್ಯಾಲ್ಕುಲೇಟರ್ ತೆಗೆದರು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ 11,770 ಕಿಲೋಮೀಟರು, ಅದರಲ್ಲಿ 176 ಹೆಚ್ಚು ಕೊಟ್ಟಿದ್ದೇವೆ, 2,640 ರೂಪಾಯಿ ಕಳೆಯಬೇಕು. ಹುಡುಗ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ. ಟೈರು ಒಂದೇ ದಿನ ಸವೆಯುವುದಿಲ್ಲ ಮೇಡಂ, ಏಪ್ರಿಲ್ಲಿನಲ್ಲಿ ಇಷ್ಟು ಸವೆದಿರಲಿಲ್ಲ ಎಂದು ನಾನು ಅರ್ಧ ಗಂಟೆ ವಾದ ಮಾಡಿದೆ. ಅವರು ಅರ್ಧಕ್ಕೆ ಒಪ್ಪಿದರು. 88 ಕಿಲೋಮೀಟರು, 1,320 ರೂಪಾಯಿ. ಕೈಗೆ ಬಂದದ್ದು 9,180.

ಮೆಟ್ಟಿಲು ಇಳಿಯುವವರೆಗೆ ಅವನು ತುಟಿ ಬಿಚ್ಚಲಿಲ್ಲ. ಗಾಡಿ ಹತ್ತಿ, ಚಾವಿ ತಿರುಗಿಸಿ, "ಮಾಮಾ, ದೀಪಾವಳಿಗೆ ಹೊಸಾ ಟೈರ್ ಹಾಕಸ್ತೀನಿ" ಅಂದ. "ಆಗ ಮೀಟರ್ ಕಮ್ಮಿ ತೋರಸ್ತದೋ ಹೆಚ್ಚೋ?"

"ಈಗಿನಕಿಂತ ಕಮ್ಮಿ."

"ಹಂಗಾರ ಕಲ್ಲ ಎಣಸಾಕ ಮತ್ತ ಹೋಗ್ಬೇಕ್ರಿ. ಈ ಸಲ ನಾ ಬರೀತೀನಿ ಹಾಳಿ."